ಊಟ ಹಾಕಿದ ಕೇಬಲ್ಲು

ಡ್ರಾಯರಿನಲ್ಲಿ ಕೈಗೆ ಸಿಕ್ಕ ಕೇಬಲ್ಲಿನಿಂದ ಫ್ಲೇವಿಯಾ ತನ್ನ ಹಾರ್ಡ್ ಡಿಸ್ಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಡಿಸ್ಕಿನ ದೀಪ ಹತ್ತಿತು, ಒಡಲು ಗುಂಯ್‌ಗುಟ್ಟಿತು. ಲ್ಯಾಪ್‌ಟಾಪು ಮಾತ್ರ, "ಇಲ್ಲಿಗೆ ಯಾರೂ ಬಂದಿಲ್ಲ" ಎಂದಿತು.

"ನಿನ್ನಲ್ಲಿ ಜಾಗ ಸಾಲದೆ ಹೋದಾಗ ಇವಳ ಫೋಟೊಗಳನ್ನೆಲ್ಲ ಹೊತ್ತದ್ದು ನಾನು. ಈಗ ನನ್ನ ಗುರುತೂ ಇಲ್ಲವೇನಯ್ಯಾ?" ಎಂದು ಡಿಸ್ಕು ಕೆರಳಿ ಕೇಳಿತು. ಫ್ಲೇವಿಯಾ ಅದೇ ಕೇಬಲ್ಲಿನಿಂದ ಡಿಸ್ಕನ್ನು ಪಕ್ಕದ ಕಂಪ್ಯೂಟರಿಗೆ ಸಿಕ್ಕಿಸಿದಳು. ಅದಕ್ಕೂ ಡಿಸ್ಕು ಕಾಣಲಿಲ್ಲ.

"ಸತ್ತೇಹೋಗಿದೆ ಇದು" ಎಂದು ಕಸದ ಬುಟ್ಟಿಯವರೆಗೆ ಒಯ್ದ ಫ್ಲೇವಿಯಾ, ಮನಸ್ಸು ತಡೆಯದೆ, ಬೇರೊಂದು ಕೇಬಲ್ಲು ಹಾಕಿ ನೋಡಿದಳು. ಫೋಟೊಗಳೆಲ್ಲ ತೆರೆದುಕೊಂಡವು.

ಡಿಸ್ಕು ಹಳೆಯ ಕೇಬಲ್ಲಿನ ಕಡೆ ತಿರುಗಿತು. "ನನ್ನದೊಂದು ಮಾತನ್ನೂ ಅತ್ತ ಮುಟ್ಟಿಸಲಿಲ್ಲವಲ್ಲ ನೀನು?"

"ನಾನು ಚಾರ್ಜರಿನ ಕೇಬಲ್ಲು, ಕರೆಂಟು ತರುವುದಷ್ಟೇ ನನ್ನ ಕೆಲಸ. ಹೊಟ್ಟೆ ತುಂಬ ಊಟ ಹಾಕಿದೆನಲ್ಲ," ಎಂದಿತು ಅದು, "ನಿನಗೆ ಮಾತು ಬೇರೆ ಬೇಕಿತ್ತೇನಮ್ಮಾ?"