ಹಕ್ಕಿಮೆಟ್ಟಿಲು ಗುಡ್ಡದ ನಾಲ್ಕು ಬೆರಳಿನ ಮೆಟ್ಟಿಲುಗಳು

ಹಕ್ಕಿಮೆಟ್ಟಿಲು ಗುಡ್ಡದಲ್ಲಿ ಕಳೆದ ಭಾನುವಾರ ಪ್ರವಾಸಿಗರೊಬ್ಬರು ಎಡವಿದರು. ಬೀಳಲಿಲ್ಲ, ಎಡವಿದರು ಅಷ್ಟೆ. ಆದರೂ ಪಂಚಾಯಿತಿ ಮರುದಿನವೇ ತುರ್ತುಸಭೆ ಸೇರಿ ತೀವ್ರ ವಿಷಾದ ವ್ಯಕ್ತಪಡಿಸಿತು. ತಪ್ಪು ಪ್ರವಾಸಿಗರದಲ್ಲ, ಮೆಟ್ಟಿಲುಗಳದು. ಒಂದೊಂದೂ ಮಂಚದಷ್ಟು ಅಗಲ, ಎತ್ತರ ಮಾತ್ರ ನಾಲ್ಕೇ ಬೆರಳು. ಮನುಷ್ಯನ ಕಾಲು ಇನ್ನೂ ಸ್ವಲ್ಪ ಹೆಚ್ಚಿನದನ್ನು ನಿರೀಕ್ಷಿಸುತ್ತದೆ. ಆದರೆ ಇವನ್ನು ಕಡಿದದ್ದು ಮನುಷ್ಯರಿಗಾಗಿ ಅಲ್ಲ ಎನ್ನುತ್ತಾರೆ ಊರಿನ ಹಿರಿಯರು.

ಹಿಂದೆ ಒಮ್ಮೆ ಈ ಗುಡ್ಡದ ನೆತ್ತಿಯಲ್ಲಿ ಕಿನ್ನರರ ಪಟ್ಟಣವಿತ್ತಂತೆ. ಮನೆಗಳಿಗೆ ಕಿಟಕಿಗಳಿದ್ದವು, ಬಾಗಿಲುಗಳಿರಲಿಲ್ಲ, ಬೀದಿಗಳೂ ಇರಲಿಲ್ಲ. ಪ್ರತಿ ಕಿನ್ನರನಿಗೂ ಒಂದು ಭೇರುಂಡ ಪಕ್ಷಿ, ಎಲ್ಲಿಗೆ ಹೋಗುವುದಿದ್ದರೂ ಅದರ ಬೆನ್ನ ಮೇಲೆಯೇ. ಎರಡು ತಲೆಯ ಆ ಹಕ್ಕಿಯ ಗಾತ್ರ ಎತ್ತಿನದು, ತೂಕ ಹತ್ತಿಯ ಮೂಟೆಯದು, ಅಭಿಮಾನ ಮಾತ್ರ ಅಳತೆಗೆ ಸಿಗದ್ದು. ಅದು ಬುಡದ ಕೆರೆಗೆ ತಾನೇ ಹೋಗಿ ನೀರು ಕುಡಿಯಬೇಕು, ತಂದುಕೊಟ್ಟರೆ ಮುಟ್ಟದು. ಎಲ್ಲರನ್ನೂ ಹೊರುವುದು, ಯಾರಿಂದಲೂ ಹೊರಿಸಿಕೊಳ್ಳದು. ಹಾಗಾಗಿ ಮುಪ್ಪಾಗಿ ರೆಕ್ಕೆ ಸೋತ ಹಕ್ಕಿಯನ್ನು ಗಾಳಿಬಂಡೆ ಎಂಬ ಕಲ್ಲಿನ ಮೇಲೆ ಕೂರಿಸಿ, ಇಂಪಾಗಿ ಹಾಡಿ, ಬಾಯಾರಿ ಸಾಯಲು ಬಿಟ್ಟು ಬರುವುದು ಪದ್ಧತಿ. ಇದನ್ನು ಅವರು ಗೌರವ ಎನ್ನುತ್ತಿದ್ದರು.

ಕಲಸ್ವನೆ ಎಂಬ ಕಿನ್ನರಿಯ ಹಕ್ಕಿಗೂ ಆ ದಿನ ಬಂತು. ಅರವತ್ತು ವರ್ಷ ತನ್ನನ್ನು ಹೊತ್ತ ಹಕ್ಕಿಗೆ ಹಾಡಿ ಕೈತೊಳೆದುಕೊಳ್ಳಲು ಅವಳು ಒಪ್ಪಲಿಲ್ಲ. ನೀರಿಲ್ಲದೆ ಅದು ತಾಳುವುದು ಒಂದು ಪಕ್ಷ, ಹದಿನೈದು ದಿನ. ನೆರೆಯವನ ಹಕ್ಕಿಯೇರಿ ಅವಳು ಬುಡದ ಹಳ್ಳಿಗೆ ಇಳಿದು, ಕಲ್ಲುಕುಟಿಗ ಸಣ್ಣೋಬಯ್ಯನ ಮುಂದೆ ನಿಂತು, ಕೆರೆಯವರೆಗೆ ಮೆಟ್ಟಿಲು ಬೇಕೆಂದಳು.

"ಯಾರಿಗವ್ವ?"

"ಹಕ್ಕಿಗೆ."

"ರೆಕ್ಕೆ ಇರೋರಿಗೆ ಮೆಟ್ಲು ಕಡಿಯೋದು ನಮ್ಮಪ್ಪ ಕಲಿಸಿಲ್ಲ ಕಣವ್ವ."

"ನಿಮ್ಮಪ್ಪನಿಗೆ ಮೊಣಕಾಲು ನೋಯುತ್ತಿರಲಿಲ್ಲವೇ?"

ಸಣ್ಣೋಬಯ್ಯ ಉಳಿ ಎತ್ತಿಕೊಂಡ. ನೆರೆಯವನ ಹಕ್ಕಿಯ ಮೇಲೆ ಅವಳೊಂದಿಗೆ ನೆತ್ತಿಗೆ ಹೋಗಿ, ಮುದಿ ಹಕ್ಕಿ ಕಾಲನ್ನು ಎಷ್ಟು ಎತ್ತಬಲ್ಲದೆಂದು ನೋಡಿದ, ನಾಲ್ಕು ಬೆರಳು. ತಾನು ಬುಡದಿಂದ ಕಡಿಯುತ್ತ ಬರುವುದು, ಕಿನ್ನರರು ಮೇಲಿನಿಂದ ಕಡಿಯುತ್ತ ಇಳಿಯುವುದು ಎಂದು ಮಾತಾಯಿತು. ಕಿನ್ನರರ ಹಿರಿಯ ಸುಸ್ವರನಿಗೆ ಇದು ಸರಿಬರಲಿಲ್ಲ. ವೀಣೆ ಹಿಡಿದ ಕೈ ಉಳಿ ಹಿಡಿಯುವುದೇ? ಅವನ ಮಾತಿನಂತೆ ಇಡೀ ಪಟ್ಟಣ ಕಡಿಯಬೇಕಾದ ಬಂಡೆಯ ಮುಂದೆ ಕುಳಿತು, ಕಲ್ಲು ಕರಗಲೆಂದು ಮೂರು ದಿನ ಹಾಡಿತು. ಬಹಳ ಚೆನ್ನಾಗಿ ಹಾಡಿದರಂತೆ. ಕಲ್ಲು ಕೇಳಿಸಿಕೊಂಡಿತು, ಕರಗಲಿಲ್ಲ. ನಾಲ್ಕನೆಯ ದಿನ ಎಲ್ಲರೂ ಉಳಿ ಹಿಡಿದರು. ಕೈಗೆ ಬೊಬ್ಬೆ ಬಂದವರು ಶ್ರುತಿಬದ್ಧವಾಗಿಯೇ ನರಳಿದರು.

ಹದಿನೈದನೆಯ ದಿನ ಹಕ್ಕಿ ಮೆಟ್ಟಿಲಿಳಿಯತೊಡಗಿತು. ಅರ್ಧದಾರಿಯಲ್ಲಿ ಮೆಟ್ಟಿಲು ಮುಗಿಯಿತು. ಮುಂದೆ ಅರವತ್ತು ಅಡಿ ಬೋಳು ಬಂಡೆ; ಅದರಾಚೆ ಸಣ್ಣೋಬಯ್ಯನ ಮೆಟ್ಟಿಲು, ಕೆರೆ. ಹಾಡಿ ಕಳೆದ ಮೂರು ದಿನ ಆ ಬಂಡೆಯ ರೂಪದಲ್ಲಿ ಎದುರಿಗಿತ್ತು. ಇಳಿಜಾರಿನಲ್ಲಿ ನಡೆಯಲು ಕಿನ್ನರರಿಗೆ ಬಾರದು. ಮೊದಲು ಸುಸ್ವರನೇ ಬಂಡೆಯ ಮೇಲೆ ಕುಕ್ಕರಿಸಿ, ಉಟ್ಟ ರೇಷ್ಮೆಯಲ್ಲೇ ಜಾರಿ, ಒಂದೆಡೆ ತಡೆದು ಕುಳಿತ. ಅವನ ಹಿಂದೆ ಒಬ್ಬೊಬ್ಬರಾಗಿ ಇಡೀ ಪಟ್ಟಣ ಸಾಲಾಗಿ ಕುಳಿತು ಮಡಿಲೊಡ್ಡಿತು. ಹಕ್ಕಿ ಕದಲಲಿಲ್ಲ.

"ಅರವತ್ತು ವರ್ಷ ನಿನ್ನ ಬೆನ್ನ ಮೇಲೆ ಕೂತೆ," ಎಂದಳು ಕಲಸ್ವನೆ. "ನಾನು ಒಂದು ದಿನವಾದರೂ ನಾಚಿಕೊಂಡೆನೇ?"

ಒಂದು ತಲೆ ಒಪ್ಪಿತು. ಇನ್ನೊಂದು, ಇದು ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ಅತ್ತ ನೋಡುತ್ತಿತ್ತು. ಮಡಿಲಿಂದ ಮಡಿಲಿಗೆ ಹಕ್ಕಿಯನ್ನು ಇಳಿಸಿದರು.

ಗಾಳಿಬಂಡೆಗೆ ಆಮೇಲೆ ಯಾವ ಹಕ್ಕಿಯೂ ಹೋಗಲಿಲ್ಲವಂತೆ. ಮೆಟ್ಟಿಲಿದ್ದ ಮೇಲೆ ಕಿನ್ನರರೂ ಇಳಿದು ಬಂದು, ಹಳ್ಳಿಯವರಲ್ಲಿ ಬೆರೆತುಹೋದರು ಎನ್ನುತ್ತಾರೆ. ಊರಿನಲ್ಲಿ ಇಂದಿಗೂ ಯಾರೂ ಅಪಸ್ವರ ಹಾಡುವುದಿಲ್ಲ ಎಂಬುದನ್ನು ಇದಕ್ಕೆ ಪುರಾವೆಯಾಗಿ ಕೊಡುತ್ತಾರೆ. ಆ ಹಾಡು ಕೇಳಿದವರು ಬೇರೆ ಮಾತು ತೆಗೆಯುವುದು ವಾಡಿಕೆ. ಹೋದವರಿಗೆ ಈಗ ಕಾಣುವುದು ಇಷ್ಟು: ಮೇಲೆ ಬಾಗಿಲಿಲ್ಲದ ಕಲ್ಲುಗೋಡೆಗಳು, ಅವುಗಳಿಂದ ಕೆರೆಯವರೆಗೆ ಸಾಲುಮೆಟ್ಟಿಲು, ಮೆಟ್ಟಿಲುಗಳ ನಡುವೆ ಕೂತು ಜಾರಿದವರಿಂದ ಕನ್ನಡಿಯಂತೆ ನುಣುಪಾದ ಅರವತ್ತು ಅಡಿ ಬಂಡೆ. ಹಕ್ಕಿ ಅಂದು ಸಂಜೆಯೊಳಗೆ ಕೆರೆ ಮುಟ್ಟಿತು. ಎರಡು ತಲೆಗಳೂ ನೀರು ಕುಡಿದವು. ಆ ಬಳಿಕ ಅದು ಹನ್ನೊಂದು ವರ್ಷ ಬದುಕಿತ್ತು.