ಕಡೆಗೀಲವ್ವನ ಗುಡ್ಡ

ಕರಿಹೊಳೆಯ ಈಚೆ ದಡದಲ್ಲಿ, ತೇಗವೂ ಬಿದಿರೂ ಬೆರೆತ ದೊಡ್ಡ ಕಾಡು ಮುಗಿಯುವ ಅಂಚಿಗೆ, ದಾರಿಯ ಎಡಕ್ಕೆ ಒಂದು ಬೋಳು ಗುಡ್ಡವಿದೆ. ಬಡಗ ದಿಕ್ಕಿಗೆ ಹೊರಟ ವಾಹನ ಯಾವುದೇ ಇರಲಿ, ಇಲ್ಲಿ ಒಂದು ಗಳಿಗೆ ನಿಲ್ಲದೆ ಮುಂದೆ ಹೋಗುವುದಿಲ್ಲ. ಲಾರಿಯವರು ನಿಲ್ಲುತ್ತಾರೆ, ಬಸ್ಸಿನವರು ನಿಲ್ಲುತ್ತಾರೆ. ಈಚೆಗೆ ವ್ಯಾನಿನೊಳಗೇ ಒಲೆ, ಹಾಸಿಗೆ, ನೀರಿನ ಟ್ಯಾಂಕು ಎಲ್ಲ ಹೊಂದಿಸಿಕೊಂಡು ವಾರಗಟ್ಟಲೆ ಕಾಡು ಸುತ್ತುವ ಪಟ್ಟಣದವರೂ ಬರುತ್ತಾರೆ. ಗುಡ್ಡದ ನೆತ್ತಿಯ ಮೇಲೆ ಆಳೆತ್ತರದ ಒಂದು ಕಲ್ಲಿನ ಗುಡಿ. ಗೋಪುರವಿಲ್ಲ, ಗಂಟೆಯಿಲ್ಲ, ಒಳಗೆ ಹೋಗಲು ಬಾಗಿಲು ಸಹ ಇಲ್ಲ. ಗೋಡೆಯ ಎರಡು ಬದಿಗೆ ಎರಡು ಕಲ್ಲಿನ ಗಾಲಿಗಳನ್ನು ಒರಗಿಸಿಟ್ಟಿದ್ದಾರೆ. ಮುಂದಿನ ಕಟ್ಟೆಯ ಮೇಲೆ ತುಕ್ಕು ಹಿಡಿದ ಗಾಡಿ ಕೀಲು, ನಟ್ಟು, ಬೋಲ್ಟುಗಳ ರಾಶಿ ಬಿದ್ದಿದೆ. ಯಾರೋ ಪುಣ್ಯಾತ್ಮರು ಇದು ರಾಜನೊಬ್ಬನ ರಥ, ಯುದ್ಧದಲ್ಲಿ ಶಾಪ ತಗುಲಿ ಕಲ್ಲಾಯಿತು ಎಂದು ಫೋನಿನ ನಕ್ಷೆಯಲ್ಲಿ ಬರೆದುಬಿಟ್ಟಿದ್ದಾರೆ. ಅದನ್ನು ಓದಿಕೊಂಡು ಬಂದವರು ನನ್ನನ್ನೇ ತಿದ್ದಲು ನೋಡುತ್ತಾರೆ. ಗುಡ್ಡದ ಬುಡದಲ್ಲೇ ಹುಟ್ಟಿ, ಇಲ್ಲೇ ಹಲ್ಲು ಉದುರಿಸಿಕೊಂಡವನು ನಾನು. ಈ ಕತೆಯಲ್ಲಿ ರಾಜನಿಗೆ ಕೆಲಸವೇ ಇಲ್ಲ. ಇರುವವಳು ಒಬ್ಬ ಮುದುಕಿ, ಮತ್ತು ಅವಳ ಗಾಡಿ.

ಹಿಂದೆ ಒಮ್ಮೆ, ತೆಂಕಣ ನಾಡಿನಲ್ಲಿ ಕಲ್ಲಿನಿಂದ ಕಬ್ಬಿಣ ಕರಗಿಸುವ ಕಮ್ಮಾರರ ಒಂದು ಕುಲವಿತ್ತಂತೆ. ಕುಲುಮೆಗೆ ಇದ್ದಿಲು ಸುಟ್ಟು ಸುಟ್ಟು ಅಲ್ಲಿಯ ಕಾಡು ಬರಿದಾಯಿತು, ಅವರ ಕೆಲಸವೂ ನಿಂತಿತು. ಕರಿಹೊಳೆಯ ಆಚೆ ಕೆಂಪು ಕಲ್ಲಿನ ಗುಡ್ಡಗಳಿವೆ, ಬೇಕಾದಷ್ಟು ಸೌದೆಯಿದೆ ಎಂದು ಕೇಳಿ ಇಡೀ ಕುಲವೇ ಗಾಡಿ ಕಟ್ಟಿಕೊಂಡು ಬಡಗಕ್ಕೆ ಹೊರಟಿತು. ಅವರ ಗಾಡಿಗಳೆಂದರೆ ಮನೆಗಳೇ. ಮೇಲೆ ಬಿದಿರು ಚಾಪೆಯ ಕಮಾನು, ಹಿಂದೆ ಹಲಗೆಯ ಬಾಗಿಲು, ಒಳಗೆ ಒಲೆ, ತೂಗುವ ತೊಟ್ಟಿಲು, ಕೆಳಗೆ ಕೋಳಿಗಳ ಬುಟ್ಟಿ. ನಡೆಯುವ ಗಾಡಿಯಲ್ಲೇ ಹಿಟ್ಟು ನಾದಿ, ನಿಂತಲ್ಲಿ ರೊಟ್ಟಿ ಸುಡುತ್ತಿದ್ದರು. ಚಳಿಗಾಲದಲ್ಲಿ ಹೊರಟವರಿಗೆ ಬೇಸಿಗೆ ಮುಗಿಯುತ್ತ ಬಂದರೂ ಕಾಡು ಮುಗಿಯಲಿಲ್ಲ. ಊರಿಲ್ಲ, ಹೊಲವಿಲ್ಲ, ಎದುರಿಗೆ ಒಂದು ನರಪಿಳ್ಳೆ ಇಲ್ಲ. ಗಂಡಸರು ಮುಂದೆ ನಡೆದು ಬಿದಿರು ಕಡಿದು ದಾರಿ ಮಾಡಬೇಕು, ಹಿಂದೆ ಗಾಡಿಗಳು ಸರಿಯಬೇಕು. ಕಾಡುಕೋಣದ ಹಿಂಡು ಅಡ್ಡ ಬಂದರೆ ಅವು ತಾವಾಗಿ ಹೋಗುವ ತನಕ ಎಲ್ಲರೂ ಉಸಿರು ಬಿಗಿ ಹಿಡಿದು ನಿಲ್ಲಬೇಕು. ಮುಂದೆ ಏನಿದೆ ಎಂದು ಗೊತ್ತಿಲ್ಲದ ದಾರಿಯಲ್ಲಿ ಅವರನ್ನು ಒಟ್ಟಿಗೆ ಹಿಡಿದಿಟ್ಟದ್ದು ಒಂದು ಕಟ್ಟಳೆ ಎನ್ನುತ್ತಾರೆ.

ಗಾಲಿ ಅಚ್ಚಿನಿಂದ ಕಳಚಿ ಬೀಳದಂತೆ ಅದರ ತುದಿಗೆ ಹಾಕುವ ಕಬ್ಬಿಣದ ಮೊಳೆಗೆ ಕಡೆಗೀಲು ಎನ್ನುತ್ತಾರೆ. ಆ ಕುಲದಲ್ಲಿ ಹೆಣ್ಣಾಗಲಿ ಗಂಡಾಗಲಿ, ತಮಗೆ ಮುಂದೆ ಹೋಗಲಾಗದು ಅನಿಸಿದರೆ ತಮ್ಮ ಗಾಡಿಯ ಕಡೆಗೀಲು ಕಿತ್ತು ಯಜಮಾನನ ಕಾಲ ಬಳಿ ಇಡಬಹುದಿತ್ತು. ಆಗ ಸಾಲಿನ ಎಲ್ಲ ಗಾಡಿಗಳೂ ನೊಗ ಇಳಿಸಬೇಕು. ಯಾಕೆ ಎಂದು ಯಾರೂ ಕೇಳುವಂತಿಲ್ಲ. ಕಿತ್ತ ಕೀಲನ್ನು ಕಿತ್ತವರೇ ಮುಟ್ಟಬೇಕು. ಅವರು ಅದನ್ನು ತಿರುಗಿ ಹಾಕುವ ತನಕ ಯಜಮಾನನೂ ಅಲುಗುವಂತಿಲ್ಲ. ಇಷ್ಟು ದೊಡ್ಡ ಅಧಿಕಾರವನ್ನು ಎಲ್ಲರ ಕೈಗೂ ಕೊಟ್ಟ ಆ ಜನರ ಮೇಲೆ ನನಗೆ ಬಹಳ ಗೌರವ. ಆದರೆ ಕರಿಹೊಳೆಯ ದಡದಲ್ಲಿ ಅದೇ ಕಟ್ಟಳೆ ಅವರ ಕೊರಳಿಗೆ ಉರುಳಾಯಿತು.

ಸಾಲಿನಲ್ಲಿ ಜಕ್ಕವ್ವ ಎಂಬ ವಿಧವೆಯ ಗಾಡಿಯಿತ್ತು. ಅದರಲ್ಲಿ ಅವಳ ಒಬ್ಬನೇ ಮಗ ಬಮ್ಮೋಜ, ಅವನ ಹೆಂಡತಿ ಮಾಕವ್ವ. ಮಾಕವ್ವನಿಗೆ ದಿನ ತುಂಬುತ್ತಿದ್ದವು. ಹೊಳೆಗೆ ಇನ್ನೇನು ಇಳಿಯಬೇಕು ಎನ್ನುವಾಗ ಜಕ್ಕವ್ವನಿಗೆ ಎದೆನೋವು ಬಂತು. ಗಾಡಿ ಒಂದು ಸಲ ಕುಲುಕಿದರೆ ಸಾಕು, ಬಾಯಲ್ಲಿ ರಕ್ತ. ಇವಳನ್ನು ಹೊತ್ತು ಬಂಡೆಗಲ್ಲಿನ ಹೊಳೆ ದಾಟಿಸುವುದೆಂದರೆ ಕೊಂದಂತೆಯೇ ಎಂದು ಎಲ್ಲರಿಗೂ ಗೊತ್ತಾಯಿತು. ಬಮ್ಮೋಜ ಬಲಗಾಲಿಯ ಕಡೆಗೀಲು ಕಿತ್ತು, ಯಜಮಾನ ಕೇತೋಜನ ಮುಂದೆ ನೆಲದ ಮೇಲೆ ಇಟ್ಟ. ಸಾಲು ಈ ಗುಡ್ಡದ ಮೇಲೆ ನಿಂತಿತು.

ಮುಂಗಾರಿನ ಮೊದಲ ಮಳೆ, ಮಿರಗದ ಮಳೆ, ಹತ್ತಿರ ಬಂದಿತ್ತು. ಕರಿಹೊಳೆ ಒಮ್ಮೆ ತುಂಬಿದರೆ ದೀಪಾವಳಿಯ ತನಕ ಇಳಿಯುವುದಿಲ್ಲ, ಅದನ್ನು ಈಗಲೂ ನೋಡಬಹುದು. ಅಷ್ಟು ಕಾಲ ಈ ಬೋಳು ಗುಡ್ಡದಲ್ಲಿ ತಿನ್ನಲು ಕಾಳಿಲ್ಲ, ಎತ್ತಿಗೆ ಮೇವಿಲ್ಲ. ದಿನ ಕಳೆದಂತೆ ಮೋಡ ಕಪ್ಪಾಯಿತು, ಜಕ್ಕವ್ವ ಹಾಗೇ ಇದ್ದಳು, ಸಾಯಲೂ ಇಲ್ಲ, ಏಳಲೂ ಇಲ್ಲ. ತಾಯಂದಿರು ಮಕ್ಕಳ ರೊಟ್ಟಿ ಮುರಿದು ಅರ್ಧ ಮಾಡುವುದು ಅವಳ ಕಣ್ಣಿಗೆ ಬಿತ್ತು. ಅವಳು ಮಗನನ್ನು ಕರೆದು ಕೂರಿಸಿಕೊಂಡಳು.

"ಬಮ್ಮಾ, ಕೀಲು ತಿರುಗಿ ಹಾಕಪ್ಪಾ. ನಾ ಹೆಂಗೂ ಹೋಗಾಕಿ. ನನ್ನ ಸಲುವಾಗಿ ಇಷ್ಟು ಮಂದೀನ್ನ ಉಪಾಸ ಕೆಡವಬ್ಯಾಡ."

"ನೀ ಎದ್ದು ಕುಂತ ದಿನಾ ಹಾಕ್ತೀನವ್ವಾ. ಅಲ್ಲೀತನಕ ನನ್ನ ಕೈ ಅದನ್ನ ಮುಟ್ಟೂದಿಲ್ಲ," ಎಂದ ಮಗ. ಅವನದು ತಪ್ಪು ಎಂದು ನಾನು ಹೇಳಲಾರೆ. ಅವನ ಜಾಗದಲ್ಲಿ ನಿಂತು ನೋಡಿದವರು ಹೇಳಲಿ.

ಮರುದಿನ ಬಮ್ಮೋಜ ಹೊಳೆಯ ನೀರು ನೋಡಿ ಬರಲು ಇಳಿದು ಹೋಗಿದ್ದಾಗ ಜಕ್ಕವ್ವ ಹಲಗೆ ಹಿಡಿದುಕೊಂಡು ಗಾಡಿಯಿಂದ ಕೆಳಗಿಳಿದಳು. ಎಡಗಾಲಿಯ ಕಡೆಗೀಲನ್ನು ತನ್ನ ಕೈಯಾರೆ ಕಿತ್ತು ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಪಕ್ಕದ ಗಾಡಿಗಳವರನ್ನು ಕರೆದು, ಅಚ್ಚನ್ನು ಎತ್ತಿ ಎರಡೂ ಗಾಲಿ ಕಳಚಿರಿ, ಗಾಡಿಯನ್ನು ಕಲ್ಲಿನ ಮೇಲೆ ಕೂರಿಸಿರಿ ಎಂದಳು. ಅವರು ಹಿಂದೆ ಮುಂದೆ ನೋಡಿದರು. ಗಾಡಿ ಅವಳದು, ಮಾತೂ ಅವಳದೇ. ಕೊನೆಗೆ ಅವಳು ಹೇಳಿದಂತೆ ಮಾಡಿದರು. ಆಗ ಅವಳು ಕೇತೋಜನ ಕಡೆ ತಿರುಗಿದಳು.

"ಗಾಲಿ ಇದ್ರ ಗಾಡಿ, ಕೇತಣ್ಣಾ. ಗಾಲಿ ಇಲ್ಲದ್ದು ಮನಿ. ನನ್ನ ಮಗಾ ಕೀಲು ಕಿತ್ತ ಗಾಡಿ ಈಗ ಸಾಲಿನಾಗ ಇಲ್ಲ. ಒಂದು ಮನೀ ಸಲುವಾಗಿ ಸಾಲು ನಿಲ್ಲಬೇಕಂತ ಯಾವ ಹಿರ್‍ಯಾರೂ ಹೇಳಿಲ್ಲ. ಹೌದಲ್ಲೋ?"

ಕೇತೋಜ ಮುಖ ಆಚೆ ತಿರುಗಿಸಿ ಅತ್ತನಂತೆ. ಕಳಚಿದ ಗಾಲಿಗಳನ್ನು ಅವಳು ಬಿರುಕು ಬಿಟ್ಟ ಗಾಲಿಯ ಇನ್ನೊಂದು ಗಾಡಿಗೆ ಕೊಟ್ಟಳು. ತನ್ನ ಗಂಡ ಸುತ್ತಲೂ ಕಬ್ಬಿಣದ ಹಳಿ ಬಿಗಿದ ಗಾಲಿ, ಹೊಳೆಯಲ್ಲಿ ಮೋಸ ಮಾಡುವುದಿಲ್ಲ ಎಂದಳು. ಜೊತೆಗೆ ಉಳಿಯುತ್ತೇವೆ ಎಂದ ಹೆಂಗಸರನ್ನು ಬೈದು ಕಳಿಸಿದಳು. ಬಮ್ಮೋಜ ಗುಡ್ಡ ಹತ್ತಿ ಬಂದಾಗ ಸಾಲು ನೊಗ ಎತ್ತಿತ್ತು, ಮಾಕವ್ವನನ್ನು ಬೇರೆ ಗಾಡಿಯಲ್ಲಿ ಮಲಗಿಸಿದ್ದರು. ಕಲ್ಲಿನ ಮೇಲೆ ಕುಳಿತ ಗಾಡಿಯಲ್ಲಿ ಒಲೆ ಹೊಗೆಯಾಡುತ್ತಿತ್ತು. ಅವನು ತನ್ನ ಕೀಲು ಹಿಡಿದು ಹುಚ್ಚನಂತೆ ಗಾಲಿ ಹುಡುಕಿದನಂತೆ. ಹಾಕಲು ಗಾಲಿಯೇ ಇರಲಿಲ್ಲ. ತಾಯಿ ಬಾಗಿಲಲ್ಲಿ ಕೂತು, "ಆ ಕೂಸು ಹೊಳೀ ಆಚೆ ಹುಟ್ಟಬೇಕು. ಮಳಿ ಹಿಂದಾದ ಮ್ಯಾಲೆ ಬಾ. ಹೋಗು," ಎಂದಷ್ಟೇ ಹೇಳಿದಳು. ಅವನು ಹೋದ. ಕೊನೆಯ ಗಾಡಿ ಆಚೆ ದಡ ಹತ್ತಿದ ಮೇಲೆ ಮಳೆ ಶುರುವಾಯಿತು. ಮಾಕವ್ವ ಆಚೆ ದಡದಲ್ಲೇ ಹೆಣ್ಣು ಕೂಸನ್ನು ಹೆತ್ತಳು.

ಆ ಮಳೆಗಾಲವೆಲ್ಲ ಬಮ್ಮೋಜ ಬೇರೆ ಕೆಲಸ ಮುಟ್ಟಲಿಲ್ಲ ಎನ್ನುತ್ತಾರೆ. ಹೊಸ ನಾಡಿನ ಮೊದಲ ಕಬ್ಬಿಣದಲ್ಲಿ ಹಳಿ ಬಡಿದು ಒಂದು ಜೊತೆ ಗಾಲಿ ಮಾಡಿದ. ಹೊಳೆ ಇಳಿದ ಕೂಡಲೇ ಅವುಗಳನ್ನು ಗಾಡಿಯಲ್ಲಿ ಹೇರಿಕೊಂಡು, ಹೆಂಡತಿ ಮತ್ತು ಕೂಸಿನ ಜೊತೆ ಗುಡ್ಡಕ್ಕೆ ಬಂದ. ಚಾಪೆಯ ಕಮಾನಿನ ಮೇಲೆ ಬಳ್ಳಿ ಹಬ್ಬಿತ್ತು. ಹಲಗೆಯ ಬಾಗಿಲು ಮುಚ್ಚಿತ್ತು. ಅವನು ಕರೆದ, ಕಾದ, ಮತ್ತೆ ಕರೆದ. ಮಾಕವ್ವ ಕೂಸನ್ನು ಬಾಗಿಲಿನ ಬಿರುಕಿನ ಹತ್ತಿರ ಹಿಡಿದು, "ಅತ್ತೀ, ನಿಮ್ಮ ಮೊಮ್ಮಗಳನ್ನ ತಂದೀವಿ, ನೋಡ್ರಿ," ಎಂದಳು. ಒಳಗಿನಿಂದ ಏನೂ ಬರಲಿಲ್ಲ. ಬಮ್ಮೋಜ ಬಿರುಕಿನಲ್ಲಿ ಕಣ್ಣಿಟ್ಟು ನೋಡಿದರೆ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದೆ. ಆ ಅಗಳಿ ಅವಳು ಕಿತ್ತು ಸೆರಗಿಗೆ ಕಟ್ಟಿಕೊಂಡಿದ್ದ ಕಡೆಗೀಲು.

ಕಾಡುಮೃಗಗಳ ಭಯಕ್ಕೆ ಹಾಕಿಕೊಂಡಳು ಎಂದು ಕೆಲವರು ಹೇಳುತ್ತಾರೆ. ತಾನು ಒಬ್ಬಳೇ ಸತ್ತದ್ದನ್ನು ಮಗ ನೋಡಬಾರದು ಎಂದು ಹಾಕಿಕೊಂಡಳು ಎಂಬುದು ನನ್ನ ನಂಬಿಕೆ. ಬಮ್ಮೋಜ ಕಮ್ಮಾರ, ಕೈಯಲ್ಲಿ ಸುತ್ತಿಗೆಯಿತ್ತು, ಒಂದು ಏಟಿಗೆ ಆ ಹಲಗೆ ಮುರಿಯುತ್ತಿತ್ತು. ಆದರೆ ಕೀಲು ಕಿತ್ತವಳು ಅವಳು. ಅದನ್ನು ಮುಟ್ಟುವ ಅಧಿಕಾರ ಬೇರೆ ಯಾರ ಕೈಗೂ ಇರಲಿಲ್ಲ. ಸುತ್ತಿಗೆ ಕೆಳಗಿಟ್ಟು ಆ ದಿನವೆಲ್ಲ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಆಮೇಲೆ ಗಾಡಿಯನ್ನು ಇದ್ದಂತೆಯೇ ಬಿಟ್ಟು ಸುತ್ತಲೂ ಕಲ್ಲು ಕಟ್ಟಿದ, ತಂದ ಗಾಲಿಗಳನ್ನು ಎರಡು ಬದಿಗೆ ಒರಗಿಸಿದ, ತನ್ನ ಕೀಲನ್ನು ಮುಂದಿನ ಕಲ್ಲಿನ ಮೇಲೆ ಇಟ್ಟ. ಮರದ ಗಾಲಿ ಮಣ್ಣಾದ ಮೇಲೆ ಅವನ ವಂಶದವರು ಕಲ್ಲಿನವನ್ನು ಮಾಡಿಸಿಟ್ಟರಂತೆ. ಅಂದಿನಿಂದ ಇದು ಕಡೆಗೀಲವ್ವನ ಗುಡ್ಡ.

ಈಗಲೂ ಬಂದವರು ಆ ಗಾಲಿಗಳನ್ನು ನೋಡಬಹುದು. ಬಮ್ಮೋಜ ಇಟ್ಟ ಕೀಲು ರಾಶಿಯ ಅಡಿಯಲ್ಲಿ ಎಲ್ಲೋ ಇರಬೇಕು. ಅವನು ಇಟ್ಟನೆಂದು ದಾರಿಹೋಕರೂ ಹಳೆಯ ನಟ್ಟೋ ಬೋಲ್ಟೋ ಒಂದನ್ನು ಇಟ್ಟು ಹೋಗುತ್ತಾರೆ. ಗುಡಿಗೆ ಪೂಜಾರಿಯಿಲ್ಲ, ಮಂತ್ರವೂ ಇಲ್ಲ. ಇಂಜಿನ್ ನಿಲ್ಲಿಸಿ, ಗೋಡೆಯ ಮುಂದೆ ನಿಂತು, "ಅವ್ವಾ, ಹೋಗಿ ಬರ್ತೀವಿ," ಎಂದು ಕೂಗಿ, ಉತ್ತರಕ್ಕೆ ಸ್ವಲ್ಪ ಹೊತ್ತು ಕಾಯುವುದೇ ಇಲ್ಲಿಯ ಸೇವೆ. ಹೋದ ಬೇಸಿಗೆಯಲ್ಲಿ ವ್ಯಾನಿನಲ್ಲಿ ಬಂದ ಹೆಂಗಸೊಬ್ಬಳು ಎಷ್ಟು ಹೊತ್ತು ಕಾಯಬೇಕು ಎಂದು ನನ್ನನ್ನು ಕೇಳಿದಳು. ಅವಳ ಮುದಿತಾಯಿ ವ್ಯಾನಿನ ಹಾಸಿಗೆಯಲ್ಲಿ ಮಲಗಿದ್ದರು. ಅದಕ್ಕೆ ಲೆಕ್ಕವಿಲ್ಲ ತಾಯಿ ಎಂದೆ. ಅವಳು ಕೂಗಿದಳು, ಕಾದಳು. ಹಿಂದೆ ವ್ಯಾನಿನೊಳಗಿನಿಂದ, "ಯಾಕೇ, ನಾ ಇಲ್ಲೇ ಅದೀನಲ್ಲ," ಎಂಬ ಸಣ್ಣ ದನಿ ಕೇಳಿಸಿತು. ಮಗಳು ಓಡಿ ಹೋಗಿ ವ್ಯಾನಿನ ಬಾಗಿಲು ತೆಗೆದಳು.