ಐದು ಬಿಳಿ ಶರಟು

ಹೆಂಡತಿ ಇಸ್ತ್ರಿ ಚೌಡಪ್ಪನನ್ನು ಹೊಗಳಿದಾಗಲೆಲ್ಲ ಸಾಫ್ಟ್‌ವೇರ್ ಸುದರ್ಶನನಿಗೆ ಹೊಟ್ಟೆ ಉರಿಯುತ್ತಿತ್ತು. ನಲವತ್ತು ಮನೆಯ ಬಟ್ಟೆ. ಒಂದು ಚೀಟಿಯಿಲ್ಲ, ಒಂದೂ ಅದಲುಬದಲಿಲ್ಲ! ಎಲ್ಲ ಅವನ ತಲೆಯಲ್ಲೇ.

ಒಂದು ದಿನ ಸುದರ್ಶನ ತಾನೇ ಒಂದು ಡೇಟಾಬೇಸ್ ಬರೆದು ತಂದ.

"ಇನ್ಮೇಲೆ ಬಟ್ಟೆಯೆಲ್ಲ ಇದರಲ್ಲಿ ದಾಖಲಾಗಬೇಕು, ನನ್ನ ಡೇಟಾಬೇಸ್ ಹೇಳಿದಂತೆ ಕೊಡಬೇಕು. ಅದರಲ್ಲಿಲ್ಲದ್ದು ಯಾರದ್ದೂ ಅಲ್ಲ," ಎಂದು ಚೌಡಪ್ಪನಿಗೆ ಅಪ್ಪಣೆ ಮಾಡಿದ.

"ಆಗ್ಲಿ ಸಾರ್," ಎಂದ ಚೌಡಪ್ಪ.

ಅಂದು ಸುದರ್ಶನನದೂ ಸೇರಿ ಐದು ಮನೆಯಿಂದ ಒಂದೇ ಥರದ ಐದು ಬಿಳಿ ಶರಟು ಬಂದವು. ಒಂದೇ ಶರಟನ್ನು ಐದು ಸಲ ಬರೆದಿದ್ದಾರೆಂದು ತಿಳಿದು ಡೇಟಾಬೇಸ್ ನಾಲ್ಕನ್ನು ಅಳಿಸಿಹಾಕಿತು.

ಮರುದಿನ ಚೌಡಪ್ಪ ಬಾಗಿಲಿಗೆ ಬಂದ. ಮೈಮೇಲೆ ಗರಿಗರಿ ಬಿಳಿ ಶರಟು.

"ಏಯ್, ಅದು ನನ್ನದು!"

"ನಿಮ್ಮದೇ ಅಂತ ನಂಗೂ ಗೊತ್ತು ಸಾರ್. ನಿಮ್ಮ ಡೇಟಾಬೇಸ್‌ಗೆ ಗೊತ್ತಿಲ್ವಲ್ಲ."

ಸುದರ್ಶನನ ಹೆಂಡತಿ ಇಣುಕಿ ನೋಡಿದಳು.

"ಅವರಿಗೇ ಇರಲಿ ಬಿಡ್ರಿ. ನಿಮಗಿಂತ ಚೆನ್ನಾಗಿ ಒಪ್ಪುತ್ತೆ."